ಮೆಟ್ಟಿಲು ಹತ್ತು

ಸೋಮವಾರ ಸಿಗಲಿಲ್ಲ. ಮಂಗಳವಾರ ಸಿಗಲಿಲ್ಲ. ಬುಧವಾರವೂ ಸಿಗದೇ ಹೋದಾಗ ಗುಡ್ಡದ ನೆತ್ತಿಯ ಮೇಲಿರುವ ನೀರಿನ ಟ್ಯಾಂಕಿನ ಗೋಡೆಗೆ ಜಾಡಿಸಿ ಒದ್ದೆ. ಗೋಡೆಗೆ ಏನೂ ಆಗಲಿಲ್ಲ. ಮೊದಲೇ ಊದಿಕೊಂಡಿದ್ದ ನನ್ನ ಮೊಣಕಾಲಿಗೆ ಆಗಬೇಕಾದದ್ದೆಲ್ಲ ಆಯಿತು. ಕುಂಟುತ್ತಾ ಹೋಗಿ ಮೇಲಿನ ಮೆಟ್ಟಿಲಲ್ಲಿ ಕೂತು, ಫೋನು ತೆಗೆದು ಭಾವನಿಗೆ ಒಂದೇ ಪದ ಕಳಿಸಿದೆ: ಸಿಗಲಿಲ್ಲ. ಅವರು ಅದನ್ನು ನೋಡಿದ ಗುರುತು ತಕ್ಷಣ ಬಂತು. ಉತ್ತರ ಬರಲಿಲ್ಲ. ಮೂರು ದಿನದಿಂದ ಇದೇ ಕಥೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ನಾನು ಲಿಫ್ಟು ರಿಪೇರಿ ಮಾಡುವವನು, ಅವರು ಅದೇ ಕಂಪನಿಯ ಸ್ಟೋರ್ ನೋಡಿಕೊಳ್ಳುವವರು. ನಾನು ಬಿಚ್ಚುತ್ತೇನೆ, ಕಟ್ಟುತ್ತೇನೆ, ಎಣ್ಣೆ ಮೆತ್ತಿಕೊಂಡು ಬರುತ್ತೇನೆ. ಅವರು ಕೌಂಟರಿನ ಹಿಂದೆ ಕೂತು ಬೋಲ್ಟು, ನಟ್ಟು, ಚಕ್ರ, ಹಗ್ಗ ಎಲ್ಲವನ್ನೂ ಎಣಿಸಿ ಪೊಟ್ಟಣ ಕಟ್ಟಿ ಕೊಡುತ್ತಾರೆ. ಕಂಪನಿಯಲ್ಲಿ ನನಗೆ ಪಟಾಕಿ ಎಂದು ಹೆಸರು. ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮದುವೆ ಯಾಕಾಗಿಲ್ಲ ಎಂದು ಯಾರಾದರೂ ಕೇಳಿದರೆ ಅಕ್ಕ ನನ್ನ ಬಾಯಿಯ ಕಡೆ ಕೈ ತೋರಿಸುತ್ತಾಳೆ. ಅವರ ಮನೆಯಿಂದ ಎರಡು ಬೀದಿ ಆಚೆ, ಒಂದು ಮನೆಯ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ನನ್ನ ವಾಸ. ವಾಸ ಅಲ್ಲಿ, ಊಟ ಅಕ್ಕನ ಮನೆಯಲ್ಲಿ. ಹನ್ನೊಂದು ವರ್ಷದಿಂದ ಹಾಗೇ ನಡೆದುಕೊಂಡು ಬಂದಿತ್ತು. ನನ್ನವರು ಎಂದು ಹೇಳಿಕೊಳ್ಳಲು ಅವರಿಬ್ಬರನ್ನು ಬಿಟ್ಟರೆ ನನಗೆ ಯಾರೂ ಇಲ್ಲ.

ಸಂಜೆ ಐದೂವರೆಗೆ ಕೆಲಸ ಮುಗಿದರೆ ನಾನೂ ಭಾವನೂ ಡಬ್ಬಿ ಬೇಟೆಗೆ ಹೊರಡುತ್ತಿದ್ದೆವು. ಕೇಳಿದವರು ನಗುತ್ತಾರೆ, ನಗಲಿ. ಜಿಯೋಕ್ಯಾಶಿಂಗ್ ಎಂದು ಅದಕ್ಕೊಂದು ದೊಡ್ಡ ಹೆಸರಿದೆ. ಯಾರೋ ಒಬ್ಬರು ಒಂದು ಸಣ್ಣ ಡಬ್ಬಿಯನ್ನು ಕಾಲುದಾರಿಯ ಪಕ್ಕದ ಪೊದೆಯಲ್ಲೋ ಕಲ್ಲಿನ ಸಂದಿನಲ್ಲೋ ಮರದ ಪೊಟರೆಯಲ್ಲೋ ಬಚ್ಚಿಟ್ಟು, ಆ ಜಾಗದ ಗುರುತನ್ನು ಫೋನಿನ ನಕ್ಷೆಗೆ ಹಾಕುತ್ತಾರೆ. ಹುಡುಕಿದವರು ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು, ತಾರೀಖು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರಬೇಕು. ಅಷ್ಟೇ. ಒಳಗೆ ಚಿನ್ನವಿಲ್ಲ, ಬೆಳ್ಳಿಯಿಲ್ಲ. ಅದಕ್ಕೇ ಅಕ್ಕ ನಮ್ಮಿಬ್ಬರನ್ನು ಕೆಲಸವಿಲ್ಲದ ಬಡಗಿಗಳು ಎಂದು ಆಡಿಕೊಳ್ಳುತ್ತಿದ್ದಳು. ನನಗೋ ಸಂಜೆ ಆದರೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ದಿನವಿಡೀ ಲಿಫ್ಟಿನ ಬಾವಿಯೊಳಗೆ ನಾಲ್ಕು ಗೋಡೆಯ ನಡುವೆ ಇದ್ದವನಿಗೆ ಹೊರಗೆ ಬಂದರೆ ಕಾಲು ತಾನಾಗಿ ಓಡುತ್ತದೆ. ನಾನು ಮುಂದೆ ನುಗ್ಗಿ ಕಂಡ ಕಲ್ಲನ್ನೆಲ್ಲ ಮಗುಚುವವನು, ಭಾವ ಹಿಂದೆ ನಿಂತು ಹೆಜ್ಜೆ ಎಣಿಸುವವರು. ಹತ್ತರಲ್ಲಿ ಎಂಟು ಸಲ ಡಬ್ಬಿ ಸಿಗುತ್ತಿದ್ದುದು ಅವರಿಗೆ. ಪುಸ್ತಕದಲ್ಲಿ ‘ಭಾವ-ಬಾಮೈದ’ ಎಂದು ಒಂದೇ ಹೆಸರಾಗಿ ಬರೆಯುತ್ತಿದ್ದೆವು.

ನಮ್ಮಿಬ್ಬರ ನಡುವೆ ಎರಡು ಕಟ್ಟುಪಾಡು ಇದ್ದವು. ಸುಳಿವು ಕೇಳಿದವನು ಸೋತ ಹಾಗೆ. ಸಿಗದೇ ಹೋದರೆ ಸಿಗಲಿಲ್ಲ ಎಂದು ಅವತ್ತೇ ಒಪ್ಪಿಕೊಳ್ಳಬೇಕು, ನಾಟಕ ಮಾಡಬಾರದು.

ಮೂರು ವಾರದ ಹಿಂದೆ ನಾನು ಎಲ್ಲವನ್ನೂ ಹಾಳು ಮಾಡಿದೆ. ಒಂದು ಆಸ್ಪತ್ರೆಯ ಲಿಫ್ಟಿನ ಬಾಗಿಲು ಕೈಕೊಟ್ಟಿತ್ತು. ಬಾಗಿಲಿನ ಚಕ್ರ ಬೇಕಿತ್ತು. ಹಳೆಯದನ್ನು ತಂದುಕೊಟ್ಟರೆ ಹೊಸದು ಕೊಡುವುದು ಸ್ಟೋರಿನ ನಿಯಮ. ನಾನು ಅವಸರದಲ್ಲಿ ಹಳೆಯದನ್ನು ಅಲ್ಲೇ ಬಿಟ್ಟು ಬಂದಿದ್ದೆ. ಭಾವ ಎಂದಿನಂತೆ ಕನ್ನಡಕ ಹಣೆಗೇರಿಸಿ ಹಳೆಯದು ಎಲ್ಲಿ ಎಂದರು. ಕೌಂಟರಿನ ಮುಂದೆ ಮ್ಯಾನೇಜರ್ ಇದ್ದರು, ಐದಾರು ಮೆಕ್ಯಾನಿಕ್‌ಗಳಿದ್ದರು. ನನ್ನ ಪಿತ್ತ ನೆತ್ತಿಗೇರಿತು.

“ಮೊಳೆ ಎಣಿಸ್ತಾ ಎಣಿಸ್ತಾ ಮೀಸೆ ಬೆಳ್ಳಗಾಯ್ತು, ಕೆಲಸ ಅಂದ್ರೆ ಏನು ಅಂತ ನಿಮಗೆಲ್ಲಿ ಗೊತ್ತಾಗ್ಬೇಕು?” ಎಂದೆ.

ಅಷ್ಟಕ್ಕೆ ಬಾಯಿ ಮುಚ್ಚಿದ್ದರೆ ಭಾವ ನಕ್ಕು ಸುಮ್ಮನಾಗುತ್ತಿದ್ದರೋ ಏನೋ. ಮುಚ್ಚಲಿಲ್ಲ.

“ಅಕ್ಕನ ಮುಖ ನೋಡಿ ಸುಮ್ನಿದ್ದೀನಿ. ಇಲ್ಲದಿದ್ರೆ ನಿಮ್ಮಂಥವರನ್ನ ನಾನು ಲೆಕ್ಕಕ್ಕೇ ಇಡ್ತಿರ್ಲಿಲ್ಲ.”

ಯಾರೋ ಕಿಸಕ್ಕೆಂದರು. ಭಾವ ಒಳಗೆ ಹೋಗಿ ಚಕ್ರ ತಂದು ಕೌಂಟರಿನ ಮೇಲಿಟ್ಟು, ಪುಸ್ತಕದಲ್ಲಿ ಬರೆದುಕೊಂಡು, ನನ್ನ ಹಿಂದೆ ನಿಂತವನಿಗೆ ಏನು ಬೇಕು ಎಂದು ಕೇಳಿದರು. ಮಾರನೆಯ ದಿನ ಬೇರೆ ಊರಿನ ಡಿಪೋಗೆ ವರ್ಗಾವಣೆ ಬೇಕೆಂದು ಅರ್ಜಿ ಕೊಟ್ಟರು. ಕಡಿಮೆ ಎಂದರೆ ಮೂರು ವರ್ಷ. ಸುದ್ದಿ ಕೇಳಿ, ಹೋಗಿ ಅವರನ್ನು ತಡೆಯಬೇಕು ಎನ್ನಿಸಿತು. ಆದರೂ ಒಳಗಿನ ಜಂಬ ಬಿಡಬೇಕಲ್ಲ, ಹೋದರೆ ಹೋಗಲಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಅಕ್ಕ ನನ್ನ ಪರ ನಿಲ್ಲಬಹುದು ಎಂದುಕೊಂಡಿದ್ದೆ. ಅವಳು ಬಾಗಿಲಲ್ಲೇ ತಡೆದು ನಿಲ್ಲಿಸಿದಳು. “ಅವರು ಬಾ ಅಂದ್ರೆ ಬಾ. ನನ್ನ ಮುಖ ನೋಡಿ ಬರ್ಬೇಡ,” ಎಂದಳು. ಅವತ್ತಿನಿಂದ ನನ್ನ ಊಟ ಮೂಲೆಯ ಹೋಟೆಲಿನಲ್ಲಿ, ಅದೂ ನಿಂತುಕೊಂಡು. ಕೂತರೆ ಏನೇನೋ ಯೋಚನೆ ಬರುತ್ತಿತ್ತು.

ಮೂರನೆಯ ವಾರದ ಭಾನುವಾರ ಸಂಜೆ ಭಾವನಿಂದ ಒಂದು ಸಂದೇಶ ಬಂತು. ನಕ್ಷೆಯ ಮೇಲೆ ಒಂದು ಚುಕ್ಕೆ: ಟ್ಯಾಂಕಿನ ಗುಡ್ಡದ ಬುಡದಲ್ಲಿರುವ ಕಬ್ಬಿಣದ ಗೇಟು. ಅದರ ಕೆಳಗೆ ಇಷ್ಟು: ‘ಗೇಟಿನಿಂದ ಶುರು. ಮೆಟ್ಟಿಲು ಹತ್ತು. ಎಡಕ್ಕೆ ಹೆಜ್ಜೆ ನಾಲ್ಕು. ಕಲ್ಲಿನ ಸಂದು. ಶನಿವಾರದ ಒಳಗೆ.’

ಓದಿ ನಾನು ಕೋಣೆಯೊಳಗೆ ಅತ್ತಿಂದಿತ್ತ ಓಡಾಡಿದೆ. ಸಂತೋಷವೋ ಭಯವೋ ಗೊತ್ತಾಗಲಿಲ್ಲ. ಶನಿವಾರ ಭಾವನ ಕೊನೆಯ ದಿನ, ಭಾನುವಾರ ಬೆಳಿಗ್ಗೆ ಸಾಮಾನಿನ ಲಾರಿ. ಇವರು ನನಗೊಬ್ಬನಿಗೇ ಒಂದು ಡಬ್ಬಿ ಇಟ್ಟಿದ್ದಾರೆ, ಅದರೊಳಗೆ ನನಗೊಂದು ಉತ್ತರ ಇದೆ, ಹೋಗುತ್ತಾರೋ ಉಳಿಯುತ್ತಾರೋ ಅದರಲ್ಲಿ ಬರೆದಿದೆ ಎಂದು ನನಗೆ ಖಾತ್ರಿಯಾಯಿತು. ಹುಡುಕಿಬಿಟ್ಟರೆ ಮುಗಿಯಿತು. ಹುಡುಕುವುದರಲ್ಲಿ ನಾನೇನು ಕಮ್ಮಿ?

ಕಮ್ಮಿಯೇ ಆಗಿಬಿಟ್ಟೆ. ಆ ಗುಡ್ಡದ ಮೆಟ್ಟಿಲುಗಳು ಎಷ್ಟಿವೆಯೋ ದೇವರೇ ಬಲ್ಲ, ನಾನಂತೂ ಎಣಿಸಿಲ್ಲ. ಅರ್ಧ ದಾರಿಗೆ ಉಸಿರು ಕಟ್ಟುತ್ತದೆ, ಮುಕ್ಕಾಲು ದಾರಿಗೆ ತೊಡೆ ನಡುಗುತ್ತದೆ. ಮೇಲೆ ಹೋಗಿ ಎಡಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ಟ್ಯಾಂಕಿನ ಸುತ್ತಲಿನ ಕಲ್ಲಿನ ಗೋಡೆ. ಗೋಡೆಯಲ್ಲಿ ಸಂದುಗಳಿಗೇನು ಬರವಿಲ್ಲ, ಇರುವುದೇ ಸಂದುಗಳು. ಒಂದೊಂದರೊಳಗೂ ಬೆರಳು ಹಾಕಿದೆ, ಕಡ್ಡಿ ಹಾಕಿದೆ, ಟಾರ್ಚು ಬಿಟ್ಟೆ. ಜೇಡ ಸಿಕ್ಕಿತು, ಗಾಜಿನ ಚೂರು ಸಿಕ್ಕಿತು, ಯಾರದೋ ಹಳೆಯ ಚಪ್ಪಲಿ ಸಿಕ್ಕಿತು. ಡಬ್ಬಿ ಸಿಗಲಿಲ್ಲ. ನಾಲ್ಕು ಹೆಜ್ಜೆ ಎಂದರೆ ಭಾವನ ಹೆಜ್ಜೆಯೋ ನನ್ನ ಹೆಜ್ಜೆಯೋ ಎಂದು ತಲೆ ಕೆರೆದುಕೊಂಡು, ಮೂರಕ್ಕೂ ಹುಡುಕಿದೆ, ಆರಕ್ಕೂ ಹುಡುಕಿದೆ.

ಬೇಕೆಂದೇ ಸತಾಯಿಸುತ್ತಿದ್ದಾರೆ ಎಂದು ಒಂದು ಮನಸ್ಸು ಹೇಳುತ್ತಿತ್ತು. ನನ್ನ ಮೊಣಕಾಲಿನ ಕಥೆ ಅವರಿಗೆ ಗೊತ್ತು. ಹೋದ ವರ್ಷ ಏಣಿಯಿಂದ ಜಾರಿದಾಗ ಆಸ್ಪತ್ರೆಗೆ ಹೊತ್ತುಕೊಂಡು ಹೋದವರೇ ಅವರು. ಗೊತ್ತಿದ್ದೂ ಇಷ್ಟು ಮೆಟ್ಟಿಲು ಹತ್ತಿಸುತ್ತಾರೆ ಎಂದರೆ ಇದು ಸೇಡಲ್ಲದೆ ಮತ್ತೇನು? ಹತ್ತಿಸಲಿ. ಹತ್ತಿ ತೋರಿಸುತ್ತೇನೆ. ಸುಳಿವು ಮಾತ್ರ ಕೇಳುವುದಿಲ್ಲ. ಹಲ್ಲು ಕಚ್ಚಿಕೊಂಡು ಹತ್ತುತ್ತಿದ್ದೆ, ಹಲ್ಲು ಕಚ್ಚಿಕೊಂಡು ಇಳಿಯುತ್ತಿದ್ದೆ, ಸಿಗಲಿಲ್ಲ ಎಂದು ಕಳಿಸುತ್ತಿದ್ದೆ.

ಮಂಗಳವಾರ ಮ್ಯಾನೇಜರ್ ಸೈಟಿಗೆ ಬಂದಿದ್ದವರು ನನ್ನನ್ನು ಪಕ್ಕಕ್ಕೆ ಕರೆದಿದ್ದರು. ನಿಮ್ಮ ಭಾವನಂಥ ಸ್ಟೋರ್‌ನವರು ನನಗೆ ಇನ್ನೊಬ್ಬರು ಸಿಗುವುದಿಲ್ಲ, ಅವರು ಈಗಲೂ ವರ್ಗಾವಣೆ ಬೇಡ ಎಂದರೆ ಆ ಅರ್ಜಿಯನ್ನು ನಾನೇ ಹರಿದು ಹಾಕುತ್ತೇನೆ, ನೀವೇ ಒಂದು ಮಾತು ಹೇಳಿ ನೋಡಿ ಎಂದಿದ್ದರು. ಹೇಳುತ್ತೇನೆ ಎಂದೆ. ಡಬ್ಬಿ ಸಿಕ್ಕಿದ ಮೇಲೆ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಸೇರಿಸಿಕೊಂಡೆ. ಬರಿಗೈಯಲ್ಲಿ ಹೋಗಿ ಅವರ ಮುಂದೆ ನಿಲ್ಲುವುದು ನನ್ನಿಂದಾಗದ ಕೆಲಸವಾಗಿತ್ತು.

ಗುರುವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅಕ್ಕ ಫೋನು ಮಾಡಿದಳು. ಮೂರು ವಾರದಲ್ಲಿ ಮೊದಲ ಸಲ. ಹೇಗಿದ್ದೀಯ ಎಂದು ಕೇಳಲಿಲ್ಲ.

“ನಿಜ ಹೇಳು. ಗುಡ್ಡಕ್ಕೆ ಹೋಗ್ತಾ ಇದ್ದೀಯಾ ಇಲ್ವಾ?” ಎಂದಳು.

ಮೊಣಕಾಲಿಗೆ ಪಟ್ಟಿ ಸುತ್ತುತ್ತಾ ಕೂತಿದ್ದವನಿಗೆ ಆ ಮಾತು ಹೇಗೆ ಕೇಳಿಸಬೇಕು ಹೇಳಿ. ಉರಿದು ಬಿದ್ದೆ. ಹೋಗಿದ್ದರೆ ಹೋಗಿದ್ದೇನೆ, ಇಲ್ಲದಿದ್ದರೆ ಇಲ್ಲ, ಗಂಡ ಹೆಂಡತಿ ಸೇರಿಕೊಂಡು ನನ್ನನ್ನು ಮಂಗ ಮಾಡಿದ್ದು ಸಾಕು, ನಿಮಗೆ ಹೇಗೆ ಬೇಕೋ ಹಾಗೆ ತಿಳಿದುಕೊಳ್ಳಿ ಎಂದು ಕೂಗಾಡಿ ಫೋನಿಟ್ಟೆ. ಕುಂಟುತ್ತಾ ಬಸ್ ನಿಲ್ದಾಣಕ್ಕೆ ಬಂದೆ. ತಿರುಗಿ ಮಾಡಬೇಕು ಎನ್ನಿಸಿತು. ಬಸ್ಸು ಬಂತು, ಹತ್ತಿದೆ.

ಆ ದಿನ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ. ಲಿಫ್ಟಿನ ಬಾವಿಗೆ ಸ್ಪ್ಯಾನರ್ ಬೀಳಿಸಿದೆ. ಬಿಗಿ ಮಾಡಿದ್ದನ್ನೇ ಮತ್ತೆ ಬಿಗಿ ಮಾಡಿದೆ. ಜೊತೆಗಿದ್ದ ಮೆಕ್ಯಾನಿಕ್, ಏನಯ್ಯಾ ಪಟಾಕಿ, ಇವತ್ತು ಬತ್ತಿ ಒದ್ದೆಯಾಗಿದೆಯಾ ಎಂದು ರೇಗಿಸಿದ. ಅವನಿಗೆ ತಿರುಗಿ ಬೈಯುವ ಉಮೇದು ಕೂಡ ಇರಲಿಲ್ಲ. ಸಂಜೆ ಮತ್ತೆ ಗುಡ್ಡ, ಮತ್ತೆ ಗೋಡೆ. ಸಿಗಲಿಲ್ಲ.

ಶುಕ್ರವಾರ ಟ್ಯಾಂಕಿನ ಕಾವಲುಗಾರ ಬಂದು ಹಿಂದೆ ನಿಂತ. ಐದು ದಿನದಿಂದ ನನ್ನನ್ನು ನೋಡುತ್ತಿದ್ದನಂತೆ. ಏನು ಕಳೆದುಕೊಂಡಿದ್ದೀರಿ ಎಂದ. ಭಾವನನ್ನು ಎಂದೆ. ಅವನು ಗೋಡೆಯ ಸಂದನ್ನು ನೋಡಿದ, ನನ್ನನ್ನು ನೋಡಿದ. ಇಲ್ಲಿ ಹಿಡಿಯುವ ಗಾತ್ರದವರಾ ಎಂದು ಕೇಳಿದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವನೂ ಪಾಪ ಅರ್ಧ ಗಂಟೆ ನನ್ನ ಜೊತೆ ತಡಕಾಡಿದ. ಆಮೇಲೆ, ನಾನು ಹಗಲೂ ರಾತ್ರಿ ಇಲ್ಲೇ ಇರುತ್ತೇನೆ, ಈ ಗೋಡೆಯ ಹತ್ತಿರ ನಿಮ್ಮನ್ನು ಬಿಟ್ಟು ಯಾರೂ ಬಂದಿಲ್ಲ, ಇಲ್ಲಿ ಯಾರೂ ಏನೂ ಇಟ್ಟಿಲ್ಲ, ನಿಮಗೆ ಯಾರೋ ಟೋಪಿ ಹಾಕಿದ್ದಾರೆ ಎಂದು ಹೇಳಿ ಹೋದ. ನಾನು ಅಲ್ಲೇ ಕೂತೆ. ಕೆಳಗೆ ಊರಿನ ದೀಪಗಳು ಹತ್ತಿಕೊಳ್ಳುತ್ತಿದ್ದವು. ಅಕ್ಕನ ಮನೆಯ ಬೀದಿ ಎಲ್ಲಿದೆ ಎಂದು ಹುಡುಕಿದೆ. ನಾಳೆ ಒಂದು ದಿನ ಉಳಿದಿತ್ತು.

ಶನಿವಾರ ನನ್ನ ಪಾಳಿ ಎರಡು ಗಂಟೆಯವರೆಗೆ. ಸಂಜೆ ನಾಲ್ಕೂವರೆಗೆ ಸ್ಟೋರಿನಲ್ಲಿ ಭಾವನಿಗೆ ಬೀಳ್ಕೊಡುಗೆ, ಚಹಾ, ಎಲ್ಲರೂ ಬನ್ನಿ ಎಂದು ಹಲಗೆಯ ಮೇಲೆ ಬರೆದಿದ್ದರು. ನಾನು ಹೋಗುವುದಿಲ್ಲ, ಗುಡ್ಡಕ್ಕೆ ಹೋಗುತ್ತೇನೆ ಎಂದು ತೀರ್ಮಾನಿಸಿದ್ದೆ. ಏಳು ಮಹಡಿಯ ಒಂದು ಕಚೇರಿಯ ಲಿಫ್ಟು ಅವತ್ತಿನ ಕೆಲಸ. ಲಿಫ್ಟಿನ ಪೆಟ್ಟಿಗೆಯ ತಲೆಯ ಮೇಲೆ ನಿಂತು, ಸವೆದ ಬೋಲ್ಟುಗಳನ್ನು ಬಿಚ್ಚಿ, ಹೊಸದಕ್ಕೆಂದು ಚೀಲದೊಳಗೆ ಕೈ ಹಾಕಿದೆ. ಒಂದು ತಿಂಗಳ ಹಿಂದೆ ತಂದಿದ್ದ ಪೊಟ್ಟಣ ಕೈಗೆ ಬಂತು. ಮೇಲೆ ಭಾವನ ದುಂಡು ಅಕ್ಷರದ ಚೀಟಿ. ತಲೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಓದಿದೆ.

‘ಬೋಲ್ಟು ಹತ್ತು.’

ಓದಿ ನಗು ಬಂತು. ಬೋಲ್ಟನ್ನು ಯಾರಪ್ಪ ಹತ್ತುತ್ತಾರೆ ಎಂದು ನನಗೆ ನಾನೇ ಅಂದುಕೊಂಡೆ. ಅಂದುಕೊಂಡ ಮಾತು ಬಾಯೊಳಗೇ ನಿಂತುಬಿಟ್ಟಿತು. ಕೈಯಲ್ಲಿದ್ದ ಪೊಟ್ಟಣವನ್ನು ಇನ್ನೊಮ್ಮೆ ನೋಡಿದೆ. ಬೋಲ್ಟು ಹತ್ತು. ನಟ್ಟು ಇಪ್ಪತ್ತು. ಹಗ್ಗ ಒಂದು. ಹನ್ನೊಂದು ವರ್ಷದಿಂದ ಅವರು ಬರೆಯುವುದೇ ಹೀಗೆ: ಮೊದಲು ಸಾಮಾನು, ಆಮೇಲೆ ಸಂಖ್ಯೆ. ಮೆಟ್ಟಿಲು ಹತ್ತು. ಎಡಕ್ಕೆ ಹೆಜ್ಜೆ ನಾಲ್ಕು. ಹೆಜ್ಜೆಯನ್ನು ನಾಲ್ಕು ಎಂದು ಸರಿಯಾಗಿಯೇ ಓದಿದ್ದೆ. ಮೆಟ್ಟಿಲನ್ನು ಮಾತ್ರ ಹತ್ತಿದೆ. ಹತ್ತನೆಯ ಮೆಟ್ಟಿಲಲ್ಲಿ ನಿಲ್ಲಬೇಕಾದವನು ಐದು ದಿನ ಗುಡ್ಡದ ತುದಿಗೆ ಹೋಗಿ ಬಂದಿದ್ದೆ.

ಅಲ್ಲಿಂದಲೇ ಹಾರಿ ಓಡಬೇಕು ಎನ್ನಿಸಿತು. ಲಿಫ್ಟನ್ನು ಬಿಚ್ಚಿಟ್ಟು ಹೋಗುವ ಹಾಗಿಲ್ಲ, ಜನ ಹತ್ತಿಳಿಯುವ ವಸ್ತು ಅದು. ಕೈ ಅವಸರ ಮಾಡುತ್ತಿತ್ತು, ನಾನು ಅದನ್ನು ಬೈದು ಬೈದು ನಿಧಾನ ಮಾಡಿಸಿದೆ. ಹತ್ತು ಬೋಲ್ಟನ್ನೂ ಎಣಿಸಿ ಹಾಕಿದೆ. ಏಳು ಮಹಡಿಗೂ ಲಿಫ್ಟು ಓಡಿಸಿ ನೋಡಿ, ಸಹಿ ಹಾಕಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಮೂರೂಮುಕ್ಕಾಲು. ಬಸ್ಸು ಬರಲಿಲ್ಲ. ಬಂದದ್ದು ತುಂಬಿತ್ತು. ಬಾಗಿಲಲ್ಲಿ ನೇತಾಡಿಕೊಂಡು ಹೋದೆ.

ಗೇಟಿನ ಹತ್ತಿರ ನಿಂತು ಮೊದಲ ಮೆಟ್ಟಿಲಿಗೆ ಕಾಲಿಟ್ಟು ಗಟ್ಟಿಯಾಗಿ ಎಣಿಸಿದೆ. ಎದುರಿನಿಂದ ಇಳಿದು ಬರುತ್ತಿದ್ದ ಹೆಂಗಸೊಬ್ಬರು ಪಕ್ಕಕ್ಕೆ ಸರಿದರು. ಹತ್ತು ಬಂತು. ಎಡಕ್ಕೆ ಒಂದು, ಎರಡು, ಮೂರು, ನಾಲ್ಕು. ಪೊದೆಯ ಹಿಂದೆ ಮೊಣಕಾಲೆತ್ತರದ ಹಳೆಯ ಕಲ್ಲಿನ ಕಟ್ಟೆ, ಅದರಲ್ಲಿ ಇದ್ದದ್ದೇ ಒಂದು ಸಂದು. ಕೈ ಹಾಕಿದೆ. ಗ್ರೀಸು ಬರುವ ಸಣ್ಣ ಡಬ್ಬಿ, ತೊಳೆದು ಒರೆಸಿದ್ದು, ಕೈಗೆ ಬಂತು. ಬಸ್ಸಿಳಿದು ಎರಡು ನಿಮಿಷ ಆಗಿರಲಿಲ್ಲ.

ಒಳಗೆ ಒಂದು ಪುಟ್ಟ ಪುಸ್ತಕ, ಒಂದು ಪೆನ್ಸಿಲು. ಪುಸ್ತಕ ತೆರೆದೆ. ಖಾಲಿ. ಎರಡನೆಯ ಪುಟ ಖಾಲಿ. ಕೊನೆಯ ಪುಟದವರೆಗೂ ಮಗುಚಿದೆ, ತಲೆಕೆಳಗೆ ಮಾಡಿ ಕೊಡವಿದೆ, ಡಬ್ಬಿಯ ತಳ ಕೆರೆದೆ. ಉತ್ತರವಿಲ್ಲ, ಪತ್ರವಿಲ್ಲ, ಒಂದು ಅಕ್ಷರವಿಲ್ಲ. ಇದಕ್ಕಾ ನಾನು ಕಾಲು ಮುರಿದುಕೊಂಡೆ ಎಂದು ಪುಸ್ತಕವನ್ನು ಎಸೆಯಲು ಕೈ ಎತ್ತಿದೆ.

ಎಸೆಯಲಿಲ್ಲ. ಮೂರು ವಾರದಲ್ಲಿ ನಾನು ಏನೇನು ಮಾಡಿದ್ದೆ ಎಂದು ಲೆಕ್ಕ ಹಾಕಿದೆ. ಕೂಗಾಡಿದ್ದೆ, ಊರೆಲ್ಲ ಹೇಳಿಕೊಂಡು ತಿರುಗಿದ್ದೆ, ಗೋಡೆಗೆ ಒದ್ದಿದ್ದೆ, ಅಕ್ಕನ ಮೇಲೆ ಹರಿಹಾಯ್ದಿದ್ದೆ. ತಪ್ಪಾಯ್ತು ಎಂಬ ಒಂದು ಮಾತನ್ನು ಯಾರಿಗೂ ಹೇಳಿರಲಿಲ್ಲ. ಉತ್ತರ ಹುಡುಕುತ್ತಿದ್ದೆನಲ್ಲ, ಬರೆಯಬೇಕಾದವನು ನಾನೇ ಎಂದು ಆಗ ಹೊಳೆಯಿತು. ಪೆನ್ಸಿಲು ತೆಗೆದುಕೊಂಡು ಬರೆಯಲು ಹೊರಟೆ. ಇದನ್ನು ಇಲ್ಲಿ ಬರೆದರೆ ಓದುವವರು ಯಾರು? ಅವರು ನಾಳೆ ಹೊರಡುತ್ತಾರೆ. ನಮ್ಮ ಜೋಡಿ ಹೆಸರು, ತಾ‌ರೀಖು ಮಾತ್ರ ಬರೆದು, ಡಬ್ಬಿಯನ್ನು ಸಂದಿನಲ್ಲಿಟ್ಟು ಸ್ಟೋರಿನ ಕಡೆ ಓಡಿದೆ. ಓಡಿದೆ ಎಂದರೆ ಕುಂಟಿದೆ.

ಸ್ಟೋರಿನೊಳಗೆ ಇಪ್ಪತ್ತು ಜನ ಚಹಾ ಲೋಟ ಹಿಡಿದು ನಿಂತಿದ್ದರು. ಮ್ಯಾನೇಜರ್ ಇದ್ದರು. ಅಕ್ಕ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳು ನನ್ನನ್ನು ಕಂಡು ಮುಖ ತಿರುಗಿಸಿದಳು. ಭಾವ ಕೌಂಟರಿನ ಹಿಂದೆ, ತಮ್ಮ ಜಾಗಕ್ಕೆ ಬಂದ ಹೊಸಬರಿಗೆ ಬೀಗದ ಕೈಗಳನ್ನು ಎಣಿಸಿ ಒಪ್ಪಿಸುತ್ತಿದ್ದರು. ನಾನು ನೇರ ಹೋಗಿ ಅವತ್ತು ನಿಂತ ಜಾಗದಲ್ಲೇ ನಿಂತೆ.

“ಭಾವ, ಅವತ್ತು ಇಲ್ಲೇ ನಿಂತ್ಕೊಂಡು ಅಂದೆ. ಇವತ್ತು ಇಲ್ಲೇ ನಿಂತ್ಕೊಂಡು ಹೇಳ್ತೀನಿ. ನಾನು ಅಂದಿದ್ದು ತಪ್ಪು. ನಂದು ತಪ್ಪಾಯ್ತು.”

ಭಾವ ಎಣಿಕೆ ನಿಲ್ಲಿಸಿದರು. ಅವರು ಎಣಿಕೆಯನ್ನು ಅರ್ಧಕ್ಕೆ ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಡಬ್ಬಿ ಸಿಕ್ತಾ?” ಎಂದರು.

“ಸಿಕ್ತು.”

“ಯಾವಾಗ ಹೋದೆ?”

“ದಿನಾ ಹೋದೆ.”

“ಸುಳ್ಳು ಹೇಳ್ಬೇಡ,” ಎಂದರು, ಮೆಲ್ಲಗೆ, ಬೇಸರದಿಂದ. “ದಿನಾ ಹೋಗೋನಿಗೆ ಮೆಟ್ಟಿಲು ಹತ್ತು ಎಣಿಸೋಕೆ ಆರು ದಿನ ಬೇಕಾ?”

“ಎಣಿಸ್ಲಿಲ್ಲ ಭಾವ. ಹತ್ತಿದೆ.”

ಅವರಿಗೆ ಅರ್ಥವಾಗಲಿಲ್ಲ. ಯಾರಿಗೂ ಆಗಲಿಲ್ಲ. ಆಮೇಲೆ ಭಾವನ ತುಟಿ, ಮೆಟ್ಟಿಲು ಹತ್ತು ಎಂದು ಸದ್ದಿಲ್ಲದೆ ಅಲ್ಲಾಡಿತು. ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟರು.

“ತುದಿ ತನಕನಾ?”

“ಸೋಮವಾರದಿಂದ.”

ಹಿಂದಿನಿಂದ ಯಾರೋ ನಗಲು ಹೊರಟರು, ಮ್ಯಾನೇಜರ್ ಸುಮ್ಮನಿರಿಸಿದರು. ಭಾವ ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದು, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಪ್ಯಾಂಟು ಮೇಲಕ್ಕೆ ಮಡಿಸಿ ಮೊಣಕಾಲಿನ ಪಟ್ಟಿ ಬಿಚ್ಚಿದರು. ಮೊಣಕಾಲು ಊದಿ ತೊಡೆಯ ದಪ್ಪ ಆಗಿತ್ತು. ಅವರು ಅದನ್ನು ನೋಡುತ್ತಲೇ ಕೂತರು. ಮಾತಾಡಿದಾಗ ತಲೆ ಎತ್ತಲಿಲ್ಲ.

“ರೂಮಲ್ಲಿ ಕೂತ್ಕೊಂಡು ಸಿಗಲಿಲ್ಲ, ಸಿಗಲಿಲ್ಲ ಅಂತ ಕಳಿಸ್ತಿದ್ದೀಯ ಅಂದ್ಕೊಂಡೆ ಕಣೋ. ಗುರುವಾರ ನಿಮ್ಮಕ್ಕನ ಕೈಲೂ ಕೇಳಿಸ್ದೆ. ನೀನು ಬೈದು ಫೋನ್ ಇಟ್ಟೆಯಂತೆ. ಅವತ್ತೇ ಮಧ್ಯಾಹ್ನ ಮ್ಯಾನೇಜರ್ ಕೊನೇ ಸಲ ಕೇಳಿದ್ರು, ವಾಪಸ್ ತಗೋತೀರಾ ಅಂತ. ಬೇಡ, ಹೋಗ್ತೀನಿ ಅಂತ ಸಹಿ ಹಾಕ್ಬಿಟ್ಟೆ.”

ನಾನು ಮ್ಯಾನೇಜರ್ ಕಡೆ ನೋಡಿದೆ. ಅವರು ಹೊಸ ಸ್ಟೋರ್‌ನವರ ಕಡೆ ನೋಡಿದರು. ಆ ಮನುಷ್ಯ ಬೇರೆ ಊರಿನಿಂದ ಸಂಸಾರ ಸಮೇತ ಬಂದಿಳಿದು, ಬೀಗದ ಕೈಗಳನ್ನು ಹಿಡಿದುಕೊಂಡು, ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಇನ್ನು ಯಾರೂ ಏನೂ ಮಾಡುವ ಹಾಗಿರಲಿಲ್ಲ. ಗುರುವಾರ ಬೆಳಿಗ್ಗೆ ಅಕ್ಕ ಕೇಳಿದ್ದಕ್ಕೆ ಹೌದು ಎಂದಿದ್ದರೆ ಸಾಕಿತ್ತು. ಹೌದು ಎನ್ನಲು ಎಷ್ಟು ಹೊತ್ತು ಬೇಕು?

ಅಷ್ಟು ಜನರ ಎದುರಿನಲ್ಲಿ ನನಗೆ ಅಳು ಬಂತು, ಅತ್ತೆ. ಪಟಾಕಿ ಅಳುವುದನ್ನು ಯಾರೂ ನೋಡಿರಲಿಲ್ಲ, ನೋಡಿದರು. ಭಾವ ಪಟ್ಟಿಯನ್ನು ಮೊದಲಿನಿಂದ ಬಿಗಿಯಾಗಿ ಸುತ್ತಿ, ಪ್ಯಾಂಟು ಇಳಿಸಿ ಎದ್ದು ನಿಂತು, ಸಾಕು ಬಿಡೋ ಎನ್ನುತ್ತಾ ತಾವೂ ಕಣ್ಣೊರೆಸಿಕೊಂಡರು. ಅಕ್ಕ ಎದ್ದು ಬಂದಳು. ಇಬ್ಬರನ್ನೂ ಒಂದೇ ಉಸಿರಿನಲ್ಲಿ ಬೈದಳು: ಒಬ್ಬರಿಗೆ ನೆಟ್ಟಗೆ ಬರೆಯಲು ಬರುವುದಿಲ್ಲ, ಇನ್ನೊಬ್ಬನಿಗೆ ನೆಟ್ಟಗೆ ಮಾತಾಡಲು ಬರುವುದಿಲ್ಲ, ನಿಮ್ಮಿಬ್ಬರನ್ನು ಕಟ್ಟಿಕೊಂಡು ನಾನು ಏಗಬೇಕು.

“ಊಟಕ್ಕೆ ಬಾ,” ಎಂದಳು ಕೊನೆಗೆ. “ಪಾತ್ರೆ ಎಲ್ಲಾ ಕಟ್ಟಿ ಆಗಿದೆ. ಬಿಚ್ತೀನಿ.”

ಭಾನುವಾರ ಬೆಳಿಗ್ಗೆ ಎಂಟಕ್ಕೆ ಲಾರಿ ಬಂತು. ಎತ್ತಬೇಡ, ಕಾಲು ನೋಡಿಕೋ ಎಂದು ಅಕ್ಕ ಬೈಯುತ್ತಲೇ ಇದ್ದಳು, ನಾನು ಎತ್ತುತ್ತಲೇ ಇದ್ದೆ. ಮಂಚ, ಬೀರು, ಹಾಸಿಗೆ, ಗೋಡೆ ಗಡಿಯಾರ ಎಲ್ಲ ಏರಿದವು. ಅಕ್ಕ ಹತ್ತಿ ಕೂತ ಮೇಲೆ ಭಾವ ಲಾರಿಯ ಮುಂದಿನ ಬಾಗಿಲು ಹಿಡಿದು ನಿಂತು, ಮೂರು ವರ್ಷ ಕಣೋ ಎಂದರು. ಗೊತ್ತು ಭಾವ ಎಂದೆ. ಲಾರಿ ಬೀದಿಯ ತಿರುವು ದಾಟುವವರೆಗೆ ನಿಂತಿದ್ದು, ಒಳಗೆ ಹೋಗಿ ಖಾಲಿ ಮನೆಯ ಕಸ ಗುಡಿಸಿ, ಬೀಗ ಹಾಕಿ, ಕೀಲಿಯನ್ನು ಮನೆ ಮಾಲೀಕರಿಗೆ ಕೊಟ್ಟು ಬಂದೆ.